ಮೀನಿನ ಸೀಟು

ಚಿತ್ರದುರ್ಗದಲ್ಲಿ ನಮಗೊಂದು ಬಾಡಿಗೆ ಮನೆ ಇತ್ತು. ಊರಿನ ಮಕ್ಕಳು ಓದುವುದಕ್ಕೆ ಬಂದು ಉಳಿಯಲು ಅಷ್ಟೇ ಸಾಕಿತ್ತು. ಅದಕ್ಕೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮವರ ಅಣ್ಣ, ಅಂದರೆ ನನಗೆ ಭಾವ, ಶ್ರೀರಾಂಪುರದ ಹತ್ತಿರದ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದರು. ಭಾವನ ಹೆಂಡತಿ ನನ್ನ ಓರಗಿತ್ತಿಯೂ ಅತ್ತೆಯೂ ಅವರ ಜೊತೆಗೇ. ಭಾವನ ಒಬ್ಬಳೇ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ನಂಬರು ತೆಗೆದಳು. ಒಂದು ದಿನ ಭಾವ ಅವಳನ್ನೂ ಅವಳ ಬಟ್ಟೆಬರೆಯನ್ನೂ ಅರ್ಧ ಚೀಲ ರಾಗಿಯನ್ನೂ ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿ, "ಪಿಯುಸಿ ಮುಗಿಯೋ ತಂಕ ಇಲ್ಲೇ ಇರ್ತಾಳಮ್ಮ" ಅಂದರು. ನಾನು ಹೂಂ ಅಂದು ಕಾಫಿಗೆ ನೀರಿಟ್ಟೆ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು.

ಹೋಗುವಾಗ ಭಾವ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು.

"ಅವಳ್ನ ಕಸ ಗುಡಿಸಾಕೂ ಹಚ್ಚಬ್ಯಾಡಮ್ಮ. ಓದಲಿ."

ಊರಲ್ಲೂ ಅವಳಿಗೆ ಅದೇ ಪದ್ಧತಿ. ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದ ಮೇಲೆ ಅವಳನ್ನು ಯಾರೂ ಹೊಲಕ್ಕೆ ಕರೆದಿರಲಿಲ್ಲ. ಕಳೆ ತೆಗೆಯುವಾಗ, ಶೇಂಗಾ ಕೀಳುವಾಗ ಮನೆಮಂದಿಯೆಲ್ಲ ಹೊಲದಲ್ಲಿದ್ದರೆ ಇವಳು ನಡುಮನೆಯ ಕಂಬಕ್ಕೆ ಒರಗಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಯಾರಾದರೂ ಬಾಗಿಲಲ್ಲಿ ನಿಂತು "ಬಾರೇ, ಒಂದೀಟು ಬುಟ್ಟಿ ಎತ್ತು" ಅಂದರೆ ಅತ್ತೆ ಒಳಗಿನಿಂದಲೇ "ಅವಳು ಓದೋಳು, ನೀನೇ ಎತ್ಕೋ" ಅನ್ನುತ್ತಿದ್ದರು. ಹೀಗೆ ಒಕ್ಕಲು ಮನೆಯ ಹುಡುಗಿ ಹೊಲದ ಬದು ತುಳಿಯದೆ ಬೆಳೆದಳು. ಅದನ್ನು ಎಲ್ಲರೂ ಅವಳ ಅದೃಷ್ಟ ಅಂದುಕೊಂಡಿದ್ದೆವು.

ನಮ್ಮ ಬೀದಿಯ ತುಂಬ ಆಗ ಪಿಯುಸಿ ಮಕ್ಕಳೇ. ಬೆಳಗಾಗುವ ಮುಂಚೆ ಸೈಕಲ್ಲುಗಳು ಹೊರಡುತ್ತಿದ್ದವು. ಫಿಸಿಕ್ಸ್‌ಗೆ ಒಂದು ಬೀದಿ, ಗಣಿತಕ್ಕೆ ಇನ್ನೊಂದು ಬೀದಿ. ಎದುರು ಮನೆಯಾಕೆಯ ಮಗ ಇಂಜಿನಿಯರಿಂಗಿಗೆ ತಯಾರಾಗುತ್ತಿದ್ದ. ಅವನು ಮನೆಯಲ್ಲಿದ್ದಾನೆ ಅನ್ನುವುದು ನಮಗೆ ಗೊತ್ತಾಗುತ್ತಿದ್ದುದು ಅವರ ಮನೆ ಟಿವಿ ಆಫ್ ಆದಾಗ. ಆಕೆ ನನ್ನನ್ನು ಕಂಡಾಗೆಲ್ಲ ಕೇಳುತ್ತಿದ್ದುದು ಒಂದೇ: "ನಿಮ್ಮ ಹುಡುಗಿ ಎಷ್ಟು ಟೆಸ್ಟ್ ತಗೊಂಡ್ಲು?" ನಾನು "ತಗೊಂಡವ್ಳೆ ಬಿಡ್ರಿ" ಅನ್ನುತ್ತಿದ್ದೆ. ಹೊಸದುರ್ಗದ ಬಸ್ಸಿನ ಟಾಪಿನ ಮೇಲೆ ತಿಂಗಳಿಗೊಮ್ಮೆ ರಾಗಿ, ತೆಂಗಿನಕಾಯಿ, ಚಟ್ನಿಪುಡಿ ಬರುತ್ತಿದ್ದವು. ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಬರುತ್ತಿದ್ದೆ. ಹುಡುಗಿ ಮುದ್ದೆ ಮುರಿಯುತ್ತಲೂ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡಿರುತ್ತಿದ್ದಳು. ಸಾರಿನ ಹನಿ ಬಿದ್ದ ಪುಟಗಳನ್ನು ಆಮೇಲೆ ಬಿಸಿಲಿಗೆ ಇಡುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ಡಾಕ್ಟರಿಕೆಯೂ ಅಲ್ಲ, ಇಂಜಿನಿಯರಿಂಗೂ ಅಲ್ಲ. ಅಗ್ರಿ, ಅಂದರೆ ಕೃಷಿ ಬಿಎಸ್ಸಿ. ಅವಳ ಊರಿಗೆ ಆಗಾಗ ಕೃಷಿ ಇಲಾಖೆಯ ಒಬ್ಬ ಮೇಡಮ್ಮು ಲೂನಾದಲ್ಲಿ ಬರುತ್ತಿದ್ದರಂತೆ. ಪಂಚೆ ಎತ್ತಿ ಕಟ್ಟಿದ ಗಂಡಸರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತು ಆಕೆ ಹೇಳಿದ್ದನ್ನು ಕೇಳುತ್ತಿದ್ದರಂತೆ. "ನಮ್ಮಪ್ಪನೂ ಕೈ ಕಟ್ಕೊಂಡು ನಿಂತಿದ್ದ ಚಿಕ್ಕಮ್ಮ" ಅಂತ ಹೇಳಿ ಒಮ್ಮೆ ನಕ್ಕಿದ್ದಳು. ಅಷ್ಟೇ ಕಾರಣ. ಮಕ್ಕಳು ಯಾವುದಾದರೊಂದನ್ನು ಹಿಡಿದುಕೊಳ್ಳುವುದಕ್ಕೆ ದೊಡ್ಡ ಕಾರಣ ಬೇಕಾಗುವುದಿಲ್ಲ.

ಭಾವ ಒಪ್ಪಿದ್ದರು, ಆದರೆ ಒಂದು ಕರಾರಿನ ಮೇಲೆ. ಹೊಳಲ್ಕೆರೆಯಲ್ಲಿ ನಮ್ಮ ಓರಗಿತ್ತಿಯ ಕಡೆಯ ನೆಂಟರಿದ್ದರು. ಹಾರ್ಡ್‌ವೇರ್ ಅಂಗಡಿ, ಒಳ್ಳೆಯ ಜನ, ಹುಡುಗನೂ ಕೆಟ್ಟವನಲ್ಲ. ಅವರು ಹುಡುಗಿಯನ್ನು ಕೇಳಿಯೇ ಇಟ್ಟಿದ್ದರು. ಭಾವ ಅವರಿಗೂ ಮಗಳಿಗೂ ಒಂದೇ ಮಾತು ಹೇಳಿದ್ದರು: "ಸರ್ಕಾರಿ ಕಾಲೇಜಾಗೆ ಸೀಟು ಸಿಕ್ಕರೆ ಓದಲಿ. ಸಿಗದಿದ್ರೆ ಮದುವೆ ಮಾಡಾಣ."  ಹುಡುಗಿ ಮುಂಜಾನೆ ತಾನಾಗಿಯೇ ಏಳಲು ಶುರು ಮಾಡಿದ್ದು ಆ ಮಾತಾದ ಮೇಲೆ.

ಪಿಯುಸಿ ಮುಗಿಯಿತು, ಸಿಇಟಿ ಬರೆದಳು. ಎರಡರಲ್ಲೂ ಮಧ್ಯಮ. ಸಾಮಾನ್ಯ ಲೆಕ್ಕದಲ್ಲಿ ಅಗ್ರಿ ಸಿಗುವುದು ಕಷ್ಟ ಅಂತ ಅವಳ ಲೆಕ್ಚರರು ಅಂದರಂತೆ. ಆದರೆ ರೈತರ ಮಕ್ಕಳಿಗೆ ಅಂತ ಬೇರೆ ಸೀಟುಗಳಿದ್ದವು. ಅದಕ್ಕೆ ಇನ್ನೊಂದು ಪರೀಕ್ಷೆ. ಮೇಜಿನ ಮೇಲೆ ಬೀಜ, ಗೊಬ್ಬರ, ಮಣ್ಣು, ಬೇಸಾಯದ ಸಾಮಾನು ಇಟ್ಟಿರುತ್ತಾರೆ. ಅವು ಏನೇನು ಅಂತ ಗುರುತಿಸಿ ಬರೆಯಬೇಕು. ಅದರ ಅಂಕವೂ ಸೇರಿ ರ‍್ಯಾಂಕು.

ಇದನ್ನು ಕೇಳಿ ಭಾವ ನಮ್ಮ ಪಡಸಾಲೆಯಲ್ಲಿ ಕೂತು ಹೊಟ್ಟೆ ತುಂಬ ನಕ್ಕರು.

"ರಾಗಿ ಯಾವ್ದು ಜೋಳ ಯಾವ್ದು ಅಂತ ಕೇಳಾಕೆ ಒಂದು ಪರೀಕ್ಷೆ. ಹಂಗಾರೆ ನಮ್ಮೂರ್ನಾಗೆ ಎಲ್ಲಾರೂ ಪಾಸು."

ಎದುರು ಮನೆಯಾಕೆ ಸಕ್ಕರೆ ಇಸಿದುಕೊಳ್ಳಲು ಬಂದವರು ಅಲ್ಲೇ ನಿಂತಿದ್ದರು. "ದಾವಣಗೆರೆಯಲ್ಲಿ ಅದಕ್ಕೂ ಟ್ರೈನಿಂಗ್ ಕೊಡ್ತಾರಂತೆ ಕಣ್ರಿ. ಎಲ್ಲಾ ಬಾಟಲಿಯಲ್ಲಿ ಇಟ್ಟು ತೋರಿಸ್ತಾರಂತೆ. ನಮ್ಮ ತಂಗಿ ಮಗ ಹೋಗ್ತಿದಾನೆ" ಅಂದರು.

"ಒಕ್ಕಲು ಮಕ್ಕಳು ರಾಗಿ ನೋಡಾಕೆ ದಾವಣಗೆರೆಗೆ ಹೋಗ್ಬೇಕೇನಮ್ಮ" ಅಂದರು ಭಾವ. "ನಮ್ಮವ್ವ ಕೂತಲ್ಲೇ ಕಲಿಸ್ತಾಳೆ."

ಆಕೆ ಸಕ್ಕರೆ ತೆಗೆದುಕೊಂಡು ಹೋದರು. ನನಗೂ ಭಾವನ ಮಾತೇ ಸರಿ ಅನ್ನಿಸಿತ್ತು.

ಹುಡುಗಿಯ ಜೊತೆ ನಾನೂ ಊರಿಗೆ ಹೋದೆ. ಬೇಸಿಗೆ, ಅತ್ತೆಗೆ ಹಪ್ಪಳ ಸಂಡಿಗೆಗೆ ಒಂದು ಕೈ ಬೇಕಿತ್ತು. ಬೆಳಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿದು ಬರುವಷ್ಟರಲ್ಲಿ ಕೆಳಗೆ ಪಾಠ ಶುರುವಾಗಿರುತ್ತಿತ್ತು. ಅತ್ತೆ ಮೊರದಲ್ಲಿ ಬಟ್ಟಲು ಬಟ್ಟಲಾಗಿ ಕಾಳು ಇಟ್ಟುಕೊಂಡು ಕೂರುತ್ತಿದ್ದರು. ಮನೆಯಲ್ಲಿ ಇಲ್ಲದ್ದನ್ನು ಆಚೀಚೆ ಮನೆಗಳಿಂದ ತರಿಸಿದ್ದರು. ಒಬ್ಬರು ಹಾರಕ ಕೊಟ್ಟರು, ಇನ್ನೊಬ್ಬರು ಹುಚ್ಚೆಳ್ಳು ಕೊಟ್ಟರು. ಮತ್ತೋಡಿನಿಂದ ಬಂದಿದ್ದ ಒಬ್ಬ ನೆಂಟರು ಜೇಬಿನಲ್ಲೇ ಒಂದು ಹಿಡಿ ಸಾಮೆ ಹಾಕಿಕೊಂಡು ಬಂದಿದ್ದರು. ಹುಡುಗಿಯ ಪರೀಕ್ಷೆ ಅಂದರೆ ಆಗ ಅದು ಇಡೀ ಬೀದಿಯ ಪರೀಕ್ಷೆ.

ಅತ್ತೆಯ ಪಾಠ ಅಂದರೆ ಮುಟ್ಟುವ ಪಾಠ.

"ಕಣ್ಣು ಮುಚ್ಕೋ. ಕೈಯಾಗೆ ಹಾಕ್ತೀನಿ. ಹೇಳು."

"ಸಾಮೆ."

"ನಿಮ್ಮಜ್ಜಿ ತಲೆ. ಸಾಮೆ ಬೆರಳಾಗೆ ಜಾರ್ತೈತೆ, ಇದು ಜಾರ್ತದಾ? ನವಣೆ ಕಣೇ. ಈಗ ಹಲ್ಲಾಗೆ ಕಡಿ. ಗೊತ್ತಾತಾ?"

"ಹೂಂ."

"ಏನು ಗೊತ್ತಾತು?"

"ನವಣೆ ಅಂತ ನೀನು ಹೇಳಿದ್ದು ಗೊತ್ತಾತು."

ಅತ್ತೆ ಅವಳ ತಲೆಗೆ ಮೊಟಕಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ನೋಡಿ ಹೇಳುತ್ತೇನೆ ಅಂದರೆ ಅವರು ಬಿಡುತ್ತಿರಲಿಲ್ಲ. "ಕಣ್ಣಿಗೆ ಎಲ್ಲಾ ಒಂದೇ ತರ ಕಾಣ್ತಾವೆ. ಕಣ್ಣು ನಂಬಬ್ಯಾಡ" ಅನ್ನುವುದು ಅವರ ಸಿದ್ಧಾಂತ. ಸಂಜೆಗೆ ಭಾವನ ಸರದಿ. ಯೂರಿಯಾ ಅಂಗೈಯಲ್ಲಿ ಹಿಡಿದರೆ ತಣ್ಣಗಾಗುತ್ತದೆ, ಎರೆಮಣ್ಣು ಒದ್ದೆ ಮಾಡಿ ಉಂಡೆ ಕಟ್ಟಿದರೆ ನಿಲ್ಲುತ್ತದೆ, ಕೆಮ್ಮಣ್ಣು ಬಿರಿಯುತ್ತದೆ. ತರಕಾರಿ ಬೀಜಗಳನ್ನು ಉಜ್ಜಿ ಮೂಗಿಗೆ ಹಿಡಿಯಬೇಕು, ಮೆಣಸಿನಕಾಯಿಯದು ಕೂಡಲೇ ಸೀನು ತರಿಸುತ್ತದೆ. ಹುಡುಗಿ ಸೀನಿ ಸೀನಿ ಕಲಿತಳು. ಐದು ವರ್ಷ ಹೊಲಕ್ಕೆ ಬಿಡದೆ ಇಟ್ಟಿದ್ದವಳಿಗೆ ಹದಿನೈದು ದಿನದಲ್ಲಿ ಹೊಲವನ್ನೆಲ್ಲ ಬಟ್ಟಲಲ್ಲಿ ತಂದು ಕೊಟ್ಟರು. ಕೊನೆಕೊನೆಗೆ ಕಣ್ಣು ಕಟ್ಟಿ ಏನು ಕೊಟ್ಟರೂ ಹೇಳುತ್ತಿದ್ದಳು. ನೋಡಲು ಬೀದಿಯವರು ಜಗುಲಿಯ ಮೇಲೆ ಕೂರುತ್ತಿದ್ದರು. ಒಬ್ಬ ಮುದುಕರು ಪರೀಕ್ಷೆ ಮಾಡೋಣ ಅಂತ ಅವಳ ಕೈಗೆ ತಮ್ಮ ನಶ್ಯ ಹಾಕಿದರು. ಅದನ್ನೂ ಹೇಳಿದಳು.

ಪರೀಕ್ಷೆ ಹಿರಿಯೂರಿನ ಕಡೆ ಇತ್ತು. ನಾನು, ಭಾವ, ಹುಡುಗಿ ಮೂವರೂ ಹೋದೆವು. ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡಿದ್ದೆ. ಬೇವಿನ ಮರದ ಕೆಳಗೆ ಬೇರೆ ಬೇರೆ ತಾಲ್ಲೂಕಿನ ಅಪ್ಪಂದಿರು ಟವೆಲ್ಲು ಹಾಸಿಕೊಂಡು ಕೂತಿದ್ದರು. ಚಳ್ಳಕೆರೆ ಕಡೆಯವರೊಬ್ಬರು ಭಾವನ ಹತ್ತಿರ ಶೇಂಗಾ ರೇಟಿನ ವಿಚಾರ ಮಾತಾಡಿದರು. ಭಾವ ಬಹಳ ಖುಷಿಯಲ್ಲಿದ್ದರು. ನೆಂಟರ ಮನೆ ಮದುವೆಗೆ ಬಂದವರ ಹಾಗೆ ಓಡಾಡಿಕೊಂಡಿದ್ದರು.

ಹುಡುಗಿ ಹೊರಗೆ ಬಂದು ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದಳು. ಆಮೇಲೆ ಕೂತಳು.

"ಏನವ್ವ, ಹೆಂಗಾತು?"

"ಎಲ್ಲಾ ಬಾಟಲಿ ಒಳಗಿತ್ತಪ್ಪ."

"ಏನು?"

"ಬೀಜ, ಗೊಬ್ಬರ, ಮಣ್ಣು ಎಲ್ಲಾ. ಗಾಜಿನ ಬಾಟಲಿ. ಮುಚ್ಚಳ ಬಿಗಿ ಮಾಡಿ ಮೇಣ ಹಾಕಿದ್ರು. ಮುಟ್ಟಂಗಿಲ್ಲ ಅಂತ ಬರೆದಿದ್ರು."



"ಮುಚ್ಚಳ ತೆಗೆದು ಕೊಡ್ರಿ, ಹೇಳ್ತೀನಿ ಅನ್ಬೇಕಿತ್ತು."

"ಅಂದೆ."

"ಏನಂದ್ರು?"

"ಬೆಲ್ ಹೊಡೀತು. ಮುಂದಕ್ಕೆ ಹೋಗಮ್ಮ ಅಂದ್ರು."

ಕುಂಟೆ, ಕೂರಿಗೆ, ನೊಗ, ಮಿಣಿ ಇವನ್ನೆಲ್ಲ ಬರೆದಿದ್ದಳು. ಎಲೆಗಳಲ್ಲೂ ಕೆಲವು ಗೊತ್ತಾಗಿದ್ದವು. ಬೀಜದ ಸಾಲಿಗೆ ಬಂದಾಗ ಮಾತ್ರ ಎಲ್ಲವೂ ಗಾಜಿನಾಚೆ ಒಂದೇ ಥರದ ಸಣ್ಣ ಕಾಳು. ಹಿಂದೆ ಬರುತ್ತಿದ್ದ ಹುಡುಗನೊಬ್ಬ ಬಾಟಲಿಯನ್ನು ಒಮ್ಮೆ ನೋಡುತ್ತಿದ್ದ, ಬರೆಯುತ್ತಿದ್ದ, ಮುಂದಕ್ಕೆ ಹೋಗುತ್ತಿದ್ದ. ಆ ಹುಡುಗನ ಊರು ಪೇಟೆ, ಅವರಪ್ಪನ ಹೆಸರಿಗೆ ಎಲ್ಲೋ ಒಂದಿಷ್ಟು ಜಮೀನಿದೆಯಂತೆ. "ಅವನಿಗೆ ಬಾಟಲಿ ನೋಡಿ ಅಭ್ಯಾಸ ಐತೆ ಚಿಕ್ಕಮ್ಮ" ಅಂದಳು. ದೂರಿನ ಹಾಗೆ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ನಾನು ಮೊಸರನ್ನದ ಡಬ್ಬಿ ತೆಗೆದೆ. ಭಾವ ತಿನ್ನಲಿಲ್ಲ. ಅವರು ಎದ್ದು ಹೋಗಿ ರಸ್ತೆಯ ಅಂಚಿನಲ್ಲಿ ನಿಂತು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಅತ್ತೆಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. "ಮುಟ್ಟದೆ ಕಾಳು ಹೆಂಗೆ ಕೊಂಡ್ಕೊಂತಾರೆ ಆ ಜನ?" ಅಂತ ಎರಡು ದಿನ ಕೇಳಿದರು. ಆಮೇಲೆ ಬಟ್ಟಲುಗಳನ್ನೆಲ್ಲ ತೊಳೆದು ಕವುಚಿ ಹಾಕಿದರು.

ರ‍್ಯಾಂಕು ಬಂತು. ರೈತರ ಮಕ್ಕಳ ಪಟ್ಟಿಯಲ್ಲಿ ಅವಳು ಬಹಳ ಹಿಂದೆ ಇದ್ದಳು. ಆದರೂ ಬೆಂಗಳೂರಿಗೆ ಕರೆ ಬಂದಿತ್ತು. ಸೀಟು ಆರಿಸಿಕೊಳ್ಳುವುದು ಅಲ್ಲಿ. "ಹೋಗಿ ನೋಡಾಣ, ಯಾರಾನ ಬಿಟ್ಟಿರ್ತಾರೆ" ಅಂದರು ಭಾವ. ಪೇಟೆಯವರು ಮೆಡಿಕಲ್ಲು ಇಂಜಿನಿಯರಿಂಗು ಅಂತ ಹೋಗಿಬಿಡುತ್ತಾರೆ, ಅಗ್ರಿ ಉಳಿದಿರುತ್ತದೆ ಅನ್ನುವ ನಂಬಿಕೆ ಆಗ ನಮ್ಮ ಕಡೆಯವರಿಗೆಲ್ಲ ಇತ್ತು. ಎಲ್ಲರೂ ಅದನ್ನೇ ನಂಬಿ ಬಂದಿದ್ದರಿಂದ ಅಲ್ಲಿ ಜಾತ್ರೆಯಷ್ಟು ಜನ.

ಬಾಗಿಲಲ್ಲಿ ಕಾವಲಿನವರು ಮಕ್ಕಳ ಜೊತೆ ಒಬ್ಬರನ್ನೇ ಬಿಡುತ್ತಿದ್ದರು. ಭಾವ ನನ್ನ ಕಡೆ ತಿರುಗಿದರು. "ಒಳಗೆ ಎಲ್ಲಾ ಇಂಗ್ಲಿಷಾಗೆ ಇರ್ತೈತಂತೆ. ನೀನೇ ಹೋಗಮ್ಮ." ನಾನು ಪಿಯುಸಿವರೆಗೆ ಓದಿದವಳು, ಇಂಗ್ಲಿಷ್ ಕೂಡಿಸಿಕೊಂಡು ಓದುತ್ತಿದ್ದೆ. ಹೋದೆ.

ಒಳಗೆ ದೊಡ್ಡ ಹಾಲು, ಮೇಲೆ ಟಿವಿಗಳು. ಟಿವಿಯಲ್ಲಿ ಕಾಲೇಜಿನ ಹೆಸರು, ಪಕ್ಕದಲ್ಲಿ ಉಳಿದ ಸೀಟಿನ ಸಂಖ್ಯೆ. ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು ಹೋಗಿ ಬಂದರೆ ಒಂದು ಅಂಕಿ ಕಡಿಮೆಯಾಗುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಪ್ಪಂದಿರು ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕುತ್ತಿದ್ದರು. ಪಶುವೈದ್ಯಕೀಯ ನಾವು ಹೋಗುವ ಹೊತ್ತಿಗೇ ಮುಗಿದಿತ್ತು. ತೋಟಗಾರಿಕೆ ನಮ್ಮ ಕಣ್ಣೆದುರಿಗೆ ಖಾಲಿಯಾಯಿತು. ಅಗ್ರಿ ಬೆಂಗಳೂರು ಹೋಯಿತು, ಧಾರವಾಡ ಹೋಯಿತು, ರಾಯಚೂರು ಸ್ವಲ್ಪ ಹೊತ್ತು ನಿಂತಿತ್ತು. ಹುಡುಗಿ ರಾಯಚೂರಿನ ಸಾಲನ್ನೇ ನೋಡುತ್ತಾ ಕೂತಿದ್ದಳು. ನಮ್ಮ ಮುಂದೆ ಇನ್ನು ಕೆಲವರೇ ಇದ್ದಾರೆ ಅನ್ನುವಾಗ ಅದೂ ಸೊನ್ನೆಯಾಯಿತು. ಅವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ತುದಿಯನ್ನು ಬಿಚ್ಚಿ ಮತ್ತೆ ಹೆಣೆದಳು.

ನಮ್ಮ ಸರದಿ ಬಂದಾಗ ಅವಳಿಗೆ ಉಳಿದಿದ್ದುದು ಒಂದೇ. ಕಂಪ್ಯೂಟರಿನ ಮುಂದೆ ಕೂತಿದ್ದವರು ಕನ್ನಡದಲ್ಲೇ ಹೇಳಿದರು: "ಮೀನುಗಾರಿಕೆ, ಮಂಗಳೂರು. ಸರ್ಕಾರಿ ಕಾಲೇಜು. ತಗೋತೀರಾ, ಬಿಡ್ತೀರಾ?"

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಹೊಸಿಲು ದಾಟಿ ಬರುವುದಿಲ್ಲ. ಮೀನು ಮಾರುವವನು ಬೀದಿಯಲ್ಲಿ ಹೋದರೆ ಅತ್ತೆ ಬಾಗಿಲು ಮುಂದೆ ಮಾಡುತ್ತಿದ್ದರು. 

"ಐದು ನಿಮಿಷ ಕೊಡ್ರಿ ಸಾರ್. ಇವರಪ್ಪ ಹೊರಗಿದಾರೆ, ಕೇಳ್ಕೊಂಡು ಬರ್ತೀನಿ."

"ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ ಕಣಮ್ಮ. ಹಿಂದೆ ನೋಡಿ, ಎಷ್ಟು ಜನ ಕೂತಿದಾರೆ."

ಹುಡುಗಿ ಅವರನ್ನು ಕೇಳಿದಳು, "ಸಾರ್, ಅಲ್ಲಿ ಏನು ಕಲಿಸ್ತಾರೆ?"

"ನನಗೇನಮ್ಮ ಗೊತ್ತು. ಮೀನಿಂದೇ ಏನೋ ಕಲಿಸ್ತಾರೆ."

ಅವಳಿಗೆ ನಗು ಬಂತು. ಅವರಿಗೂ ಬಂತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಇದು ಬಿಟ್ರೆ ಹೊಳಲ್ಕೆರೆ. ಅಷ್ಟೇ ಅಲ್ವಾ ಚಿಕ್ಕಮ್ಮ?"

"ಹೂಂ" ಅಂದೆ. 

"ಹಾಕ್ರಿ ಸಾರ್" ಅಂದಳು.

ಹೊರಗೆ ಭಾವ ಕಾಂಪೌಂಡಿನ ಕಟ್ಟೆಯ ಮೇಲೆ ಇನ್ನೊಬ್ಬರ ಜೊತೆ ಕೂತಿದ್ದರು. ನಮ್ಮನ್ನು ನೋಡಿ ಎದ್ದರು.

"ಸಿಕ್ತು ಭಾವ. ಮಂಗಳೂರು."

"ಮಂಗಳೂರಾಗೂ ಅಗ್ರಿ ಐತಾ?"

ನಾನು ಬಾಯಿ ಬಿಡುವ ಮುಂಚೆ ಪಕ್ಕದಲ್ಲಿ ಕೂತಿದ್ದವರು ಹೇಳಿದರು: "ಇಲ್ಲ ಸ್ವಾಮಿ. ಮಂಗಳೂರಲ್ಲಿ ಮೀನಿಂದು."

ಭಾವ ಮಗಳನ್ನು ನೋಡಿದರು. ಅವಳು ತಲೆ ಆಡಿಸಿದಳು. ಅವರು ಹೆಗಲ ಮೇಲಿದ್ದ ಟವೆಲ್ಲು ತೆಗೆದು ಒಮ್ಮೆ ಕೊಡವಿ, ನಾಲ್ಕು ಮಡಿಕೆ ಮಾಡಿ ಮತ್ತೆ ಹೆಗಲಿಗೆ ಹಾಕಿಕೊಂಡರು. "ನಡೀರಿ, ಬಸ್ಸಿಗೆ ಹೋಗಾಣ" ಅಂದರು.  ಹಿರಿಯೂರಿನಲ್ಲಿ ಟೀಗೆ ಬಸ್ಸು ನಿಲ್ಲಿಸಿದಾಗ ಕಿಟಕಿಯಿಂದ ಲೋಟ ಕೊಡುತ್ತಾ ಅಂದರು: "ಅವ್ವಂಗೆ ನೀನೇ ಹೇಳಮ್ಮ. ನನ್ನ ಕೈಲಿ ಆಗಲ್ಲ."

ಊರಿಗೆ ಹೋಗಿ ನಾನೇ ಹೇಳಿದೆ. ಅತ್ತೆ ಒಣ ಅವರೆಕಾಳು ಆರಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಮೀನು ಹಿಡಿಯಾಕೆ ಕಾಲೇಜು ಯಾಕೆ? ಮಾರಿಕಣಿವೆ ಹಿನ್ನೀರಾಗೆ ಹಿಡಿಯೋರು ಯಾವ ಕಾಲೇಜಿಗೆ ಹೋಗ್ಯಾರೆ?"

"ಹಿಡಿಯೋದಲ್ಲ ಅತ್ತೆ, ಸಾಕೋದು ಕಲಿಸ್ತಾರಂತೆ."

"ಸಾಕಿ ಏನು ಮಾಡ್ತಾರೆ? ಪೂಜೆ ಮಾಡ್ತಾರಾ?"

 ಓರಗಿತ್ತಿ ಒಲೆಯ ಮುಂದಿನಿಂದ ಕೇಳಿದರು, "ಕೈಯಾಗೆ ಮುಟ್ಬೇಕೇನೇ? ಕೊಯ್ಯೋದು ಗಿಯ್ಯೋದು ಐತಾ?"

"ಪಿಯುಸಿಲಿ ಕಪ್ಪೆ ಕೊಯ್ದಿಲ್ವೇನವ್ವ, ಹಂಗೇ" ಅಂದಳು ಹುಡುಗಿ.

ಅತ್ತೆಯ ಕೈ ಆಗ ನಿಂತಿತು.

"ಕಪ್ಪೆ ಯಾವಾಗ ಕೊಯ್ದೆ?"

ಊರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆ ದಿನ ಅವಳು ಮಧ್ಯಾಹ್ನ ಊಟ ಬೇಡ ಅಂದು ಬರೀ ಮಜ್ಜಿಗೆ ಕುಡಿದಿದ್ದಳು. ಅತ್ತೆ ನನ್ನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿ, "ಕಪ್ಪೆ ಮುಟ್ಟಿದ ಕೈಯಾಗೆ ನಮ್ಮ ಮನೆ ಕಾಳೆಲ್ಲ ಮುಟ್ಟವ್ಳೆ" ಅಂದರು. ಅದು ಬೈಗುಳವೋ, ಆಗಿಹೋದದ್ದನ್ನು ಒಪ್ಪಿಕೊಂಡ ಮಾತೋ ನನಗೆ ತಿಳಿಯಲಿಲ್ಲ. ಅವತ್ತು ರಾತ್ರಿಯ ಅಡಿಗೆಗೆ ಆ ಅವರೆಕಾಳು ಬೇಯಲೇ ಇಲ್ಲ, ಎಲ್ಲರೂ ಹಾಗೇ ತಿಂದೆವು.

ಕಾಲೇಜಿಗೆ ಸೇರಲು ಕೊನೆಯ ದಿನ ಅಂತ ಒಂದಿತ್ತು. ಅದು ಹತ್ತಿರವಾಗುತ್ತಾ ಬಂದರೂ ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಗ್ಗೆ ಎದ್ದು ಹೊಲಕ್ಕೆ ಹೋಗುತ್ತಿದ್ದರು, ಕತ್ತಲಾದ ಮೇಲೆ ಬರುತ್ತಿದ್ದರು. ಶ್ರೀರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ಮಗಳದು ಏನಾತು?" ಅಂದರೆ "ಮಂಗಳೂರಾಗೆ ಸಿಕ್ಕೈತೆ" ಅಂದು ಸುಮ್ಮನಾಗುತ್ತಿದ್ದರಂತೆ. ಏನು ಸಿಕ್ಕಿದೆ ಅಂತ ಹೇಳುತ್ತಿರಲಿಲ್ಲ. ಮೀನು ಅನ್ನುವ ಪದ ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಹುಡುಗಿ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಒಂದು ಮೂಲೆಯಲ್ಲಿ ಇಟ್ಟಿದ್ದಳು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಹೊಳಲ್ಕೆರೆಗೂ ಬಟ್ಟೆ ಬೇಕಲ್ಲ.

ಸುದ್ದಿ ಹೊಳಲ್ಕೆರೆಗೆ ತಲುಪಲು ತಡವಾಗಲಿಲ್ಲ. ಹುಡುಗನ ಅಪ್ಪ, ದೊಡ್ಡಪ್ಪ ಇಬ್ಬರೂ ಬಂದರು. ಅವತ್ತು ಊರಲ್ಲೇ ಇದ್ದ ನಾನು ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾಡಿಕೊಟ್ಟೆ. ಮಳೆ, ಬೆಳೆ, ಸಿಮೆಂಟಿನ ರೇಟು ಎಲ್ಲ ಆದ ಮೇಲೆ ದೊಡ್ಡಪ್ಪ ವಿಷಯಕ್ಕೆ ಬಂದರು. ಅವರು ತಿಳಿದವರು, ಒರಟಾಗಿ ಮಾತಾಡುವವರಲ್ಲ.

"ಓದು ಬ್ಯಾಡ ಅಂತ ನಾವು ಅನ್ನಲ್ಲ. ದುರ್ಗದಾಗೆ ಬಿಎಸ್ಸಿ ಓದಲಿ. ಮದುವೆ ಆದ ಮ್ಯಾಗೂ ಓದಲಿ, ನಮ್ಮೂರಿಂದ ಬಸ್ಸೈತೆ. ಇದೊಂದು ಮಾತ್ರ ಬಿಡ್ರಿ. ಅಂಗಡಿಗೆ ದಿನಾ ಜನ ಬರ್ತಾರೆ. ಸೊಸೆ ಏನು ಓದ್ಯಾಳೆ ಅಂತಾರೆ. ಏನಂತ ಹೇಳಾನ?"

ನನಗೂ ಅದು ತೆಗೆದುಹಾಕುವ ಮಾತು ಅನ್ನಿಸಲಿಲ್ಲ. ಓರಗಿತ್ತಿ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಅವರ ಹಿಂದೆ ಹುಡುಗಿ ನಿಂತಿದ್ದಳು. ಭಾವ ಮಂಡಕ್ಕಿಯಲ್ಲಿದ್ದ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು.

"ನಿಮ್ಮುಂದೆ ಒಂದು ಮಾತು ಆಡಿದ್ದೆ" ಅಂದರು ಕೊನೆಗೆ. "ಸರ್ಕಾರಿ ಕಾಲೇಜಾಗೆ ಸಿಕ್ಕರೆ ಓದಿಸ್ತೀನಿ ಅಂದಿದ್ದೆ. ಸಿಕ್ಕೈತೆ. ಅದನ್ನ ಅವಳೇ ಒಳಗೆ ಹೋಗಿ ತಗಂಡು ಬಂದವ್ಳೆ, ನಾನು ಹೊರಗೆ ಕಟ್ಟೆ ಮ್ಯಾಲೆ ಕುಂತಿದ್ದೆ. ಈಗ ಬ್ಯಾಡ ಅನ್ನಾಕೆ ನನಗೆ ಬಾಯಿ ಬರವಲ್ದು."

"ಹಂಗಾರೆ?"

"ಮೀನಿನ ಕಾಲೇಜಿಗೆ ಸೇರಿಸ್ತೀನಿ."

ದೊಡ್ಡಪ್ಪ ಟೀ ಕುಡಿದು ಮುಗಿಸಿದರು. "ಆತು ಬಿಡ್ರಿ, ನಿಮ್ಮ ಮಗಳು" ಅಂದರು. ಬಸ್ಸಿನ ಟೈಮು ಕೇಳಿದರು. ಭಾವ ಅವರ ಜೊತೆ ರಸ್ತೆಯವರೆಗೂ ಹೋಗಿ, ತೆಂಗಿನಕಾಯಿಯ ಚೀಲವನ್ನು ಬಸ್ಸಿಗೆ ಹತ್ತಿಸಿ ಬಂದರು. ಆ ಹುಡುಗನ ಮದುವೆ ಅದೇ ವರ್ಷ ರಾಮಗಿರಿ ಕಡೆಯ ಹೆಣ್ಣಿನ ಜೊತೆ ಆಯಿತು. ನಾವೆಲ್ಲ ಹೋಗಿ ಉಂಡು ಬಂದೆವು.

ಮಂಗಳೂರಿಗೆ ಭಾವ, ಓರಗಿತ್ತಿ, ನಾನು ಮೂವರೂ ಹೋಗಿದ್ದೆವು. ಓರಗಿತ್ತಿ ದಾರಿಯುದ್ದಕ್ಕೂ ಸೆರಗನ್ನು ಮೂಗಿಗೆ ಹಿಡಿಯಲು ತಯಾರಾಗಿ ಕೂತಿದ್ದರು. ಕಾಲೇಜಿನಲ್ಲಿ ಅಂಥ ವಾಸನೆ ಏನೂ ಇರಲಿಲ್ಲ. ಹಾಸ್ಟೆಲ್ಲಿನ ಮೇಡಂ ಹತ್ತಿರ ಭಾವ ಊಟದ ವಿಚಾರ ಎತ್ತಿ, ನಾವು ಇಂಥವರು, ಮುಟ್ಟುವುದಿಲ್ಲ, ಒಂದೇ ಪಾತ್ರೆ ಆಗುವುದಿಲ್ಲ ಅಂತ ಬಹಳ ಸುತ್ತಿ ಸುತ್ತಿ ಹೇಳಿದರು. ಆಕೆ ಕೇಳಿಸಿಕೊಂಡು ಹೇಳಿದರು: "ಈ ಸಲ ಬಂದಿರೋ ಮಕ್ಕಳು ಬಹಳಷ್ಟು ನಿಮ್ಮ ಕಡೆಯವರೇ. ಎಲ್ಲರ ಅಪ್ಪಂದಿರೂ ಇದನ್ನೇ ಹೇಳಿ ಹೋಗಿದಾರೆ. ಸಸ್ಯಾಹಾರದ ಸಾಲೇ ಉದ್ದ ಇರುತ್ತೆ."

ಹೊರಗೆ ವರಾಂಡದಲ್ಲಿ ನೋಡಿದರೆ ನಿಜವೇ. ಒಬ್ಬರು ಗದಗದವರು, ಇನ್ನೊಬ್ಬರು ತಿಪಟೂರಿನ ಕಡೆಯವರು. ಎಲ್ಲರ ಕೈಯಲ್ಲೂ ಚಟ್ನಿಪುಡಿಯ ಡಬ್ಬಿ. ಅಗ್ರಿ ಬೇಕು ಅಂತ ಹೊರಟ ಮಕ್ಕಳೇ ಎಲ್ಲರೂ, ಒಂದೊಂದು ಅಂಕಿ ಹಿಂದೆ ಬಿದ್ದು ಸಮುದ್ರದ ದಂಡೆಗೆ ಬಂದಿದ್ದರು. ಹುಡುಗಿಯರು ಆಗಲೇ ರೂಮು ಯಾವುದು ಅಂತ ಮಾತಾಡಿಕೊಳ್ಳುತ್ತಿದ್ದರು. ನಮ್ಮವಳು ಬ್ಯಾಗು ಎತ್ತಿಕೊಂಡು ಅವರ ಜೊತೆ ಮಹಡಿ ಹತ್ತಿ ಹೋದಳು. ಮೇಲಿನಿಂದ ಒಮ್ಮೆ ಬಗ್ಗಿ "ನೀವು ಊಟ ಮಾಡ್ಕೊಂಡು ಹೊರಡ್ರಿ" ಅಂದಳು.

ಹೊರಡುವ ಹೊತ್ತಿಗೆ ಭಾವ ಕಾಣಲಿಲ್ಲ. ಕಾಲೇಜಿನ ಹಿಂದೆ ಮೀನು ಸಾಕುವ ಹೊಂಡಗಳಿದ್ದವು, ತಿಪಟೂರಿನವರ ಜೊತೆ ಅಲ್ಲಿಗೆ ಹೋಗಿದ್ದರು. ನಾನು ಹುಡುಕಿಕೊಂಡು ಹೋದಾಗ ಆಳೊಬ್ಬ ಚೀಲದಲ್ಲಿ ಶೇಂಗಾ ಹಿಂಡಿ, ತೌಡು ತುಂಬಿ ನೀರಿಗೆ ಇಳಿಬಿಡುತ್ತಿದ್ದ. ಭಾವ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು.

"ಎಮ್ಮೆಗೆ ಇಡೋದನ್ನೇ ಇವಕ್ಕೂ ಇಡ್ತಾರೆ ಕಣಮ್ಮ" ಅಂದರು ನನಗೆ. ಆಮೇಲೆ ಆಳಿನ ಕಡೆ ತಿರುಗಿ, "ದಿನಕ್ಕೆ ಎಷ್ಟು ಇಡ್ತೀರಪ್ಪ? ನೆನೆ ಹಾಕಿ ಇಡ್ತೀರಾ, ಹಂಗೇ ಇಡ್ತೀರಾ?" ಅಂತ ಕೇಳಿದರು. ಅವನು ತುಳು ಬೆರೆಸಿದ ಕನ್ನಡದಲ್ಲಿ ಏನೋ ಹೇಳಿದ. ಇವರಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದರು.

ಬಸ್ಸಿಗೆ ಹೊತ್ತಾಯಿತು ಅಂತ ನಾನು ಎರಡು ಸಲ ಕರೆದೆ. ಓರಗಿತ್ತಿ ಗೇಟಿನ ಹತ್ತಿರ ಕಾಯುತ್ತಿದ್ದರು.